ತಳದಿಂದ ನೋಡಿದ ಪುಟಗಳು

ನಾನು ಓದಿದ್ದು ನಾಲ್ಕನೇ ಕ್ಲಾಸು, ಆಮೇಲೆಲ್ಲ ಹೊಗೆಸೊಪ್ಪಿನ ಹೊಲದಲ್ಲೇ ದುಡಿದೆ. ಅಕ್ಷರ ಕೂಡಿಸಿಕೊಂಡು ನಿಧಾನ ಓದುತ್ತೇನೆ, ಆದರೆ ಒಂದನ್ನೂ ಬಿಡುವುದಿಲ್ಲ.

ಆಗ ಮೊಮ್ಮಗಳು ಪಿರಿಯಾಪಟ್ಟಣದ ಟೈಪಿಂಗ್ ಅಂಗಡಿಯಲ್ಲಿದ್ದಳು. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಒಂದು ತಂತ್ರಾಂಶವಿತ್ತು. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು, ತಿಳಿದವರು ತಿದ್ದಲೂಬಹುದು. ಅದನ್ನು ಕಲಿಸುವ ನಲವತ್ತು ಪಾಠಗಳನ್ನು ಕನ್ನಡದಲ್ಲಿ ಬರೆದು ಅದರ ವೆಬ್‌ಸೈಟಿಗೆ ಹಾಕಿದವಳು ಇವಳೇ. ಆ ವೆಬ್‌ಸೈಟು ಆಗಾಗ ನಿಂತುಹೋಗುತ್ತಿತ್ತೆಂದು ಹೊಸ ರೀತಿಗೆ ಬದಲಾಯಿಸುತ್ತಿದ್ದರು.

“ಯಾರಾರ ಕೇಳ್ದಾಗೆಲ್ಲ ಪುಟ ಹೊಸದಾಗಿ ಕಟ್ಕೊಡ್ತಿತ್ತು ಕಣಜ್ಜಿ. ಈಗ ಎಲ್ಲಾನೂ ಮೊದ್ಲೇ ಕಟ್ಟಿ ಮಡಗ್ತೀವಿ.”

“ನೆಂಟ್ರು ಬಂದ್ಮೇಲೆ ಒಲೆ ಹಚ್ಚೋ ಬುದ್ಧಿ ಯಾವನದಮ್ಮಿ ಅದು?” ಎಂದೆ.

ಆ ವೆಬ್‌ಸೈಟಿಗಾಗಿ ಅವಳ ಜೊತೆ ಕೆಲಸ ಮಾಡುವವರು ದೂರದೂರಿನವರು, ಒಬ್ಬರ ಮುಖವನ್ನೂ ಅವಳು ಕಂಡಿಲ್ಲ. ಸೋಮವಾರದೊಳಗೆ ಕನ್ನಡ ಪಾಠಗಳು ಹೊಸ ರೀತಿಗೆ ಸರಿಯಾಗಿ ಬರದಿದ್ದರೆ ಇಂಗ್ಲಿಷಿನವನ್ನು ಮಾತ್ರ ಹಾಕುತ್ತೇವೆ ಎಂದುಬಿಟ್ಟಿದ್ದರು. ಎರಡು ವರ್ಷದ ಅವಳ ದುಡಿಮೆ ನೀರುಪಾಲಾಗುವುದರಲ್ಲಿತ್ತು.

ಶನಿವಾರವೇ ಅಂಗಡಿಯಲ್ಲಿ ಪ್ರಿಂಟ್ ತೆಗೆದಿದ್ದ ಹಳೆಯ ಪಾಠ, ಹೊಸ ಪಾಠ ಎರಡನ್ನೂ ಭಾನುವಾರ ಬೆಳಿಗ್ಗೆ ನನ್ನ ಮುಂದಿಟ್ಟಳು. “ನಾನು ಮೂರ್ಸಲ ನೋಡಿವ್ನಿ, ಸರ್ಯಾಗದೆ. ನೀನೂ ಒಂದ್ಸಲ ನೋಡ್ಬುಡು.”

ಜಗಲಿಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು, ಕೊನೆಯ ಸಾಲಿಗೆ ಬೆರಳಿಟ್ಟೆ. ನಕ್ಕಳು.

“ಅಜ್ಜೀ, ಓದೋದು ಮೇಲಿಂದ!”

“ಒಗೆಸೊಪ್ಪ ತಳದಿಂದ ತಾನೆ ಮುರಿಯೋದು? ಮೊದ್ಲು ಅಣ್ಣಾಗೋದೂ ತಳದೆಲೆನೇ, ಮೊದ್ಲು ಕೆಡೋದೂ ಅದೇ. ಸುಮ್ಕಿರಮ್ಮಿ.”

ಮೊದಲ ಪಾಠದಲ್ಲೇ ತಳ ತಾಳೆಯಾಗಲಿಲ್ಲ. ಹಳೆಯದರ ಕೊನೆಗೆ ‘ಬರೆದದ್ದನ್ನು ಉಳಿಸಿ, ಇಲ್ಲದಿದ್ದರೆ ಅಳಿಸಿಹೋಗುತ್ತದೆ’ ಎಂದಿತ್ತು. ಹೊಸದರಲ್ಲಿ ಆ ಸಾಲೇ ಇಲ್ಲ. ಎರಡನೆಯದರಲ್ಲೂ ಕೊನೆಯ ಸಾಲು ಮಾಯ. ನಲವತ್ತರಲ್ಲೂ ಅದೇ ಕತೆ.

ಅವಳು ಪುಟಗಳನ್ನು ಎಳೆದುಕೊಂಡು ತಾನೂ ತಳ ನೋಡಿ, ಅಳುಮುಖ ಮಾಡಿದಳು. ಪುಟಗಳನ್ನೆಲ್ಲ ಒಟ್ಟಿಗೆ ಹೊಸದಕ್ಕೆ ಸಾಗಿಸಲು ಕಂಪ್ಯೂಟರಿಗೆ ತಾನೇ ಬರೆದುಕೊಟ್ಟ ಸೂಚನೆಯಲ್ಲಿ ತಪ್ಪಿತ್ತಂತೆ, ಅದು ಕೊನೆಯ ಸಾಲನ್ನು ಬಿಟ್ಟುಬಿಡುತ್ತಿತ್ತಂತೆ.

“ಮೂರ್ಸಲನೂ ಅರ್ಧಕ್ಕೇ ಕಣ್ಣು ಸೋತೋಯ್ತು ಕಣಜ್ಜಿ.”

“ಅಳೋಕೆ ನಾಳೆ ಟೈಮದೆ. ಈಗ ಬಸ್ಸಿಡಿ.”

ಹೋಗಿ ಅಂಗಡಿಯ ಬೀಗ ತೆಗೆಸಿ, ಸಂಜೆಯೊಳಗೆ ಸರಿಮಾಡಿ, ಹೊಸ ಪ್ರಿಂಟ್ ತಂದಳು. ನಾನು ಮತ್ತೆ ತಳದಿಂದ ಹೊರಟೆ. ನಲವತ್ತೂ ತಾಳೆಯಾದವು. ಸೋಮವಾರ ಕನ್ನಡ ಪಾಠಗಳೂ ಹೊಸ ವೆಬ್‌ಸೈಟಿಗೆ ಹೋದವು. ಅಷ್ಟು ಪಾಠ ಬರೆದವಳು ನಮ್ಮ ಮನೆಯ ಹುಡುಗಿ. ನಾಲ್ಕು ಜನರೆದುರು ಹೇಳಲು ನನಗೇನೂ ಸಂಕೋಚವಿಲ್ಲ.

ಪುಟಗಳನ್ನು ಕೆಳಗಿಂದ ನೋಡಿ ಎಂದು ಆ ಜೊತೆಯವರಿಗೂ ತಿಳಿಸಿದಳಂತೆ.

“ಯಾರೇಳಿದ್ದು ಅಂತ ಬರ್ದೆ?”

“ನಮ್ಮಜ್ಜಿ ಅಂತ.”

“ಒಗೆಸೊಪ್ಪಿನ ಇಚಾರ?”

“ಅದ್ನೂ ಬರ್ದಿವ್ನಿ.”

ಹಾಗಾದರೆ ಸರಿ ಎಂದು, ಮೊರ ತೆಗೆದುಕೊಂಡು ರಾಗಿ ಕೇರಲು ಕೂತೆ.