ಅಲ್ಲಾಡಿಸಬ್ಯಾಡ್ರಿ

ನಮ್ಮ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ಬಂದವರು ಹಿಂದಿ ಬಿಟ್ಟು ಬೇರೊಂದು ವಿಷಯ ತೆಗೆದುಕೊಳ್ಳಬಹುದು ಎಂದು ಗೊತ್ತಾದ ದಿನವೇ ನಾನು ‘ಹೆಲ್ತ್ ಕೇರ್’ ಎಂದು ಬರೆದುಕೊಟ್ಟೆ. ರೋಗಿಗಳ ಸೇವೆ ಮಾಡಬೇಕೆಂಬ ಆಸೆಯೇನೂ ಆಗ ಇರಲಿಲ್ಲ. ಹಿಂದಿ ನನ್ನ ತಲೆಗೆ ಹತ್ತುತ್ತಿರಲಿಲ್ಲ, ಅಷ್ಟೇ. ಅಪ್ಪನಿಗೆ ಸಿಟ್ಟು ಬಂತು. ‘ಓದೋಕೆ ಕಳಿಸಿದ್ರೆ ಬಟ್ಟೆ ಸುತ್ತಾದು ಕಲ್ತು ಬರ್ತಾಳಂತೆ’ ಎಂದು ಅಮ್ಮನ ಮುಂದೆ ಹೇಳಿ, ನನ್ನ ಜೊತೆ ಎರಡು ದಿನ ಮಾತು ಬಿಟ್ಟರು.

ಹೊಸದುರ್ಗದಿಂದ ಮಾಡದಕೆರೆ ಕಡೆ ಬರುವ ರಸ್ತೆಯಲ್ಲಿ ನಮ್ಮೂರು. ಮುರಿದ ಬೆಂಚುಗಳನ್ನು ತುಂಬಿಟ್ಟಿದ್ದ ಶಾಲೆಯ ಕೊನೇ ಕೋಣೆಯನ್ನು ಖಾಲಿ ಮಾಡಿಸಿ ನಮ್ಮ ತರಗತಿ ಶುರು ಮಾಡಿದರು. ಸೊಂಟದವರೆಗೆ ಮಾತ್ರ ಇದ್ದ ಒಂದು ರಬ್ಬರ್ ಬೊಂಬೆ, ಎರಡು ಬಿಪಿ ನೋಡುವ ಯಂತ್ರ, ಒಂದು ಸ್ಟ್ರೆಚರ್. ಒಮ್ಮೆ ಸುತ್ತಿದ ಬ್ಯಾಂಡೇಜನ್ನು ಬಿಚ್ಚಿ, ಒಗೆದು, ಒಣಗಿಸಿ ಮತ್ತೆ ಸುತ್ತುತ್ತಿದ್ದೆವು. ಕಲಿಸುತ್ತಿದ್ದ ಮೇಡಂ ಮೊದಲು ಹಿರಿಯೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದವರು. ದಿನಾ ಹೊಳಲ್ಕೆರೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ತೆಳ್ಳನೆಯ ಹೆಂಗಸು, ದನಿ ಮಾತ್ರ ಗಟ್ಟಿ.

ಅವರು ನಮ್ಮಿಂದ ಮತ್ತೆ ಮತ್ತೆ ಮಾಡಿಸುತ್ತಿದ್ದ ಒಂದು ಅಭ್ಯಾಸವಿತ್ತು. ಒಬ್ಬರು ನೆಲದ ಮೇಲೆ ಅಂಗಾತ ಮಲಗಬೇಕು. ಎತ್ತರದಿಂದ ಬಿದ್ದಿದ್ದಾರೆ ಎಂದು ಲೆಕ್ಕ. ಒಬ್ಬರು ತಲೆಯ ಕಡೆ ಕೂತು, ಎರಡೂ ಕಿವಿಯ ಮೇಲೆ ಅಂಗೈ ಇಟ್ಟು, ಕತ್ತು ಅತ್ತಿತ್ತ ಹೊರಳದ ಹಾಗೆ ಹಿಡಿದಿರಬೇಕು. ಹೊರಳಿಸಲೇಬೇಕಾದರೆ ಇನ್ನು ಮೂವರು ಒಂದೇ ಪಕ್ಕದಲ್ಲಿ ಕೂತು, ತಲೆಯ ಹತ್ತಿರ ಇರುವವರು ಮೂರರವರೆಗೆ ಎಣಿಸಿದಾಗ ಮೈಯನ್ನೆಲ್ಲ ಒಟ್ಟಿಗೆ, ಮರದ ದಿಮ್ಮಿಯ ಹಾಗೆ ಹೊರಳಿಸಬೇಕು.

‘ತಲೆ ಹತ್ರ ಕುಂತೋರು ಹೇಳಿದ್ನ ಮಿಕ್ಕೋರು ಕೇಳ್ಬೇಕು. ಅಲ್ಲಿ ದೊಡ್ಡೋರು ಚಿಕ್ಕೋರು ಅಂತ ಇಲ್ಲ’ ಎನ್ನುತ್ತಿದ್ದರು ಮೇಡಂ. ‘ನಮ್ಮ ಕಡೆ ತೆಂಗಿನ ಮರದಿಂದ ಬೀಳೋರು ಎಷ್ಟು ಜನ ಅದಾರೆ ನೋಡ್ರಿ. ಬಿದ್ದಾಗ ಆಗೋ ಪೆಟ್ಟು ಒಂದಾದ್ರೆ, ಜನ ಎತ್ತೋವಾಗ ಆಗೋ ಪೆಟ್ಟು ಇನ್ನೊಂದು.’

ನಾವು ನಗುತ್ತಲೇ ಕಲಿತೆವು. ಮಲಗಿದವಳಿಗೆ ಕಚಗುಳಿಯಾಗುತ್ತಿತ್ತು, ಎಣಿಸುವವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ನಾನು ಹತ್ತನೇ ತರಗತಿಯಲ್ಲಿದ್ದೆ. ಫೆಬ್ರುವರಿಯ ಒಂದು ಭಾನುವಾರ. ಮಂಗಳವಾರ ನಮ್ಮ ಪ್ರಾಕ್ಟಿಕಲ್ ಪರೀಕ್ಷೆ. ಮನೆ ಮುಂದಿನ ಹಟ್ಟಿಯಲ್ಲಿ ಪುಸ್ತಕ ಹಿಡಿದು ಕೂತಿದ್ದ ನನ್ನನ್ನು ಅಮ್ಮ ತಿಂಡಿಯ ಡಬ್ಬಿ ಕೊಟ್ಟು ತೋಟಕ್ಕೆ ಕಳಿಸಿದರು. ಅವತ್ತು ನಮ್ಮ ತೋಟದಲ್ಲಿ ಕಾಯಿ ಕೀಳಿಸುತ್ತಿದ್ದರು. ಮರ ಹತ್ತಿದ್ದವರು ನಮ್ಮ ಪಕ್ಕದ ಮನೆಯ ಮಾವ. ಅಮ್ಮನಿಗೆ ದೂರದ ಸಂಬಂಧದಲ್ಲಿ ತಮ್ಮನಾಗಬೇಕು. ಸುತ್ತಲಿನ ನಾಲ್ಕಾರು ಊರಿನ ತೋಟಗಳಲ್ಲಿ ಕಾಯಿ ಕೀಳುವುದೇ ಅವರ ಕೆಲಸ. ಕೆಳಗೆ ಅವರ ಹೆಂಡತಿ, ನಾನು ಅತ್ತೆ ಎನ್ನುವವರು, ಬಿದ್ದ ಕಾಯಿಗಳನ್ನು ಆಯ್ದು ಗುಡ್ಡೆ ಹಾಕುತ್ತಿದ್ದರು. ಅಪ್ಪ ಮತ್ತು ಪಕ್ಕದ ತೋಟದ ಇಬ್ಬರು ಗಂಡಸರು ಬದುವಿನ ಮೇಲೆ ನಿಂತು ಮಾತಾಡುತ್ತಿದ್ದರು.

ನಾನು ಬೇಲಿಯ ಗೇಟು ದಾಟುತ್ತಿದ್ದಾಗ ಮೇಲಿನಿಂದ ‘ಅಯ್ಯೋ’ ಎಂಬ ಸಣ್ಣ ದನಿ ಕೇಳಿತು. ಒಣಗಿದ ಗರಿಯೊಂದು ಕಿತ್ತು ಬಂತು. ಅದರ ಜೊತೆಗೆ ಮಾವ ಬಂದರು. ಬಿದ್ದ ಸದ್ದನ್ನು ನಾನು ಇವತ್ತಿಗೂ ವರ್ಣಿಸಲಾರೆ. ಅಷ್ಟು ಎತ್ತರದಿಂದ ಬಿದ್ದ ಮನುಷ್ಯ ಅಷ್ಟು ಕಡಿಮೆ ಸದ್ದು ಮಾಡುತ್ತಾನೆಂದು ನನಗೆ ಗೊತ್ತಿರಲಿಲ್ಲ.

ಅತ್ತೆ ಕೂಗಿಕೊಂಡರು. ಅಪ್ಪ ಓಡಿ ಹೋಗಿ ಮಾವನ ಕಂಕುಳಿಗೆ ಕೈ ಹಾಕಿದರು. ‘ಏಳ್ಲೇ, ಎದ್ ಕುಂತ್ಕಳ್ಲೇ! ಬೈಕ್ ತಗಂಡು ಬರ್ರಿ ಯಾರಾದ್ರೂ. ನಡುವೆ ಕೂರಿಸ್ಕಂಡು ಹೋಗಾಣ.’

‘ಅಪ್ಪಾ, ಬಿಡಪ್ಪ! ಎತ್ತಬ್ಯಾಡ!’

ಅದು ನನ್ನ ದನಿ ಎಂದು ನನಗೇ ಅನ್ನಿಸಲಿಲ್ಲ. ಡಬ್ಬಿ ಎಲ್ಲಿ ಬಿತ್ತೋ. ಓಡಿ ಹೋಗಿ ಮಾವನ ತಲೆಯ ಕಡೆ ಮಂಡಿಯೂರಿ, ಎರಡೂ ಕಿವಿಯ ಮೇಲೆ ಅಂಗೈ ಇಟ್ಟು ಹಿಡಿದೆ. ಮಾವನ ಕಣ್ಣುಗಳು ತೆರೆದೇ ಇದ್ದವು. ಉಸಿರಾಡುತ್ತಿದ್ದರು.

‘ಅಲ್ಲಾಡಿಸಬ್ಯಾಡ್ರಿ ಯಾರೂ. ಬೆನ್ನಿಗೆ, ಕತ್ತಿಗೆ ಪೆಟ್ಟು ಬಿದ್ದಿರ್ತೈತೆ. ಆಂಬುಲೆನ್ಸಿಗೆ ಫೋನ್ ಮಾಡ್ರಿ.’

‘ಏಯ್, ಎದ್ದೇಳೇ ಮೇಲೆ!’ ಅಪ್ಪ ನನ್ನ ಭುಜ ಹಿಡಿದು ಎಳೆದರು. ‘ಅದು ಹೊಸದುರ್ಗದಿಂದ ಬರೋ ಹೊತ್ತಿಗೆ ಇವನ ಗತಿ ಏನು? ನಮ್ಮ ತೋಟದಾಗೆ ಬಿದ್ದಾನೆ ಕಣೇ!’

ನಾನು ಕೈ ಬಿಡಲಿಲ್ಲ. ಅಪ್ಪ ಎಳೆದಷ್ಟೂ ಮೊಣಕೈಗಳನ್ನು ನೆಲಕ್ಕೆ ಒತ್ತಿಕೊಂಡೆ. ಅಲ್ಲಿಯವರೆಗೆ ನಾನು ಅಪ್ಪನ ಮಾತಿಗೆ ಎದುರಾಡಿದವಳಲ್ಲ. ‘ನೀನು ಎಳದ್ರೆ ಮಾವನ ಕತ್ತು ಅಲ್ಲಾಡ್ತೈತಪ್ಪ’ ಎಂದೆ. ಅಳು ಬಂದುಬಿಟ್ಟಿತ್ತು. ಅಪ್ಪನ ಕೈ ಸಡಿಲವಾಯಿತು. ಆ ಇಬ್ಬರು ಗಂಡಸರಲ್ಲಿ ವಯಸ್ಸಾದವರು ಆಗಲೇ ಫೋನ್ ತೆಗೆದು ಊರ ಹೆಸರು, ತೋಟದ ದಾರಿ ಹೇಳುತ್ತಿದ್ದರು.

ಆಮೇಲೆ ಕಾಯುವುದು ಶುರುವಾಯಿತು. ಮಾವ ಮೆಲ್ಲಗೆ ಮಾತಾಡಿದರು.

‘ನನ್ನ ಕಾಲು ಎಲ್ಲವ್ವ?’

‘ಇಲ್ಲೇ ಅವೆ ಮಾವ.’

‘ಗೊತ್ತೇ ಆಗ್ತಿಲ್ಲ ಕಣವ್ವ.’

ಅತ್ತೆ ಅವರ ಪಾದ ಉಜ್ಜುತ್ತಿದ್ದರು. ಆ ಮಾತು ಕೇಳಿ ಉಜ್ಜುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಕಾಲಿನ ಅರಿವು ಹೋಗಿದ್ದರೆ ಬೆನ್ನುಹುರಿಗೆ ಪೆಟ್ಟಾಗಿದೆ ಎಂದು ಪುಸ್ತಕದಲ್ಲಿ ಒಂದು ಸಾಲು ಇತ್ತು. ಆ ಸಾಲು ನನಗೆ ಬಾಯಿಪಾಠವಾಗಿತ್ತು. ಅದನ್ನು ಅತ್ತೆಯ ಮುಂದೆ ಹೇಳುವ ಧೈರ್ಯವಿರಲಿಲ್ಲ.

ಮಾವ ನೀರು ಕೇಳಿದರು. ಅತ್ತೆ ಎಳನೀರು ಕೆತ್ತಿಸಿಕೊಂಡು ತಂದರು. ಬ್ಯಾಡ ಅತ್ತೆ, ಮಲಗಿದೋರಿಗೆ ನೆತ್ತಿಗೆ ಹತ್ತುತೈತೆ ಎಂದೆ. ‘ಒಂದು ಗುಟುಕು ಕಣೇ, ಬಾಯಿ ಒಣಗೈತೆ ಅವರಿಗೆ’ ಎಂದರು. ಬ್ಯಾಡ ಎಂದೆ ಮತ್ತೆ. ಅತ್ತೆ ಎಳನೀರನ್ನು ನೆಲಕ್ಕೆ ಕುಕ್ಕಿದರು. ‘ನಿನ್ನ ಅಪ್ಪ ಬಿದ್ದಿದ್ರೆ ಹಿಂಗೆ ಮಾಡ್ತಿದ್ದೇನೇ?’

ಬಿಸಿಲು ಏರಿತ್ತು. ಅಂಗೈಯ ಬೆವರಿಗೆ ಮಾವನ ಕಿವಿ ಜಾರುತ್ತಿತ್ತು. ಬೆರಳುಗಳು ಜೋಮು ಹಿಡಿದಿದ್ದವು. ಅಪ್ಪ ಹೆಗಲ ಮೇಲಿನ ಟವೆಲ್ ಬಿಚ್ಚಿ ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ಮಾವನ ಮುಖಕ್ಕೆ ನೆರಳು ಮಾಡಿ ನಿಂತರು.

ಎಷ್ಟು ಹೊತ್ತಾಗಿತ್ತೋ, ಮಾವನ ಗಂಟಲಿನಿಂದ ಗೊರಗೊರ ಸದ್ದು ಬಂತು. ಹೊಟ್ಟೆ ಒಮ್ಮೆ ಎದ್ದು ಇಳಿಯಿತು. ವಾಂತಿ ಬರುತ್ತಿತ್ತು. ಅಂಗಾತ ಮಲಗಿದವರಿಗೆ ವಾಂತಿಯಾದರೆ ಅದು ಶ್ವಾಸಕ್ಕೆ ಹೋಗುತ್ತದೆ. ಇಷ್ಟು ಹೊತ್ತು ಯಾರನ್ನೂ ಮುಟ್ಟಗೊಡದವಳು ಈಗ ನಾನೇ ಅವರನ್ನು ಹೊರಳಿಸಬೇಕಿತ್ತು. ಒಂದು ಕ್ಷಣ ನನ್ನ ತಲೆಯಲ್ಲಿ ಏನೂ ಉಳಿಯಲಿಲ್ಲ. ಎಡಕ್ಕೋ ಬಲಕ್ಕೋ ಅದೂ ಮರೆತುಹೋಯಿತು.

‘ಅಪ್ಪಾ, ಈ ಕಡೆ ಕುಂತ್ಕ. ಭುಜ ಹಿಡ್ಕ. ಅಣ್ಣಾ, ನೀವು ಸೊಂಟ ಹಿಡ್ಕಳ್ರಿ. ಅತ್ತೇ, ನೀನು ಮಂಡಿ ಹತ್ರ. ನಾನು ಮೂರು ಅಂದಾಗ ಎಲ್ಲರೂ ಒಂದೇ ಸಲ ನಿಮ್ಮ ಕಡೆಗೆ ಹೊರಳಿಸ್ಬೇಕು. ಮುಂಚೆ ಯಾರೂ ಎಳೀಬ್ಯಾಡ್ರಿ.’

ಅಪ್ಪ ಟವೆಲ್ ಎಸೆದು ಕೂತರು. ಪಕ್ಕದ ತೋಟದವರಲ್ಲಿ ಚಿಕ್ಕವರು ಸೊಂಟ ಹಿಡಿದರು. ಅತ್ತೆ ಅಳುತ್ತಲೇ ಮಂಡಿ ಹಿಡಿದರು. ನಾನು ಎಣಿಸಿದೆ. ಮೂರು ಎಂದಾಗ ಮಾವನ ಇಡೀ ಮೈ ಒಟ್ಟಿಗೆ ಪಕ್ಕಕ್ಕೆ ಬಂತು. ನನ್ನ ಕೈಯಲ್ಲಿದ್ದ ತಲೆಯೂ ಅದರ ಜೊತೆಗೇ ಬಂತು. ಬೆಳಗಿನ ಮುದ್ದೆ, ಸಾರು ಎಲ್ಲ ಮಣ್ಣಿಗೆ ಸುರಿಯಿತು. ‘ಬಾಯಿ ಒರೆಸು ಅತ್ತೆ’ ಎಂದೆ. ಅತ್ತೆ ಸೆರಗಿನಿಂದ ಬಾಯೊಳಗಿನದೆಲ್ಲ ಬಳಿದು ತೆಗೆದರು. ಮಾವ ದೀರ್ಘವಾಗಿ ಉಸಿರೆಳೆದುಕೊಂಡರು. ಅವರನ್ನು ಹಾಗೇ ಪಕ್ಕಕ್ಕೆ ಹಿಡಿದು ಕೂತೆವು.

ಆಂಬುಲೆನ್ಸ್ ತೋಟದ ಗೇಟಿನವರೆಗೆ ಮಾತ್ರ ಬರಲು ಸಾಧ್ಯವಿತ್ತು. ಅಲ್ಲಿಂದ ಇಬ್ಬರು ಹಲಗೆ ಹೊತ್ತುಕೊಂಡು ಓಡಿ ಬಂದರು. ಅವರಲ್ಲೊಬ್ಬರು ನನ್ನ ಎದುರು ಕೂತು, ‘ನಾನು ಹೇಳೋವರೆಗೂ ಬಿಡಬ್ಯಾಡಮ್ಮ’ ಎಂದು ಮಾವನ ಕುತ್ತಿಗೆಗೆ ಪಟ್ಟಿ ಹಾಕಿದರು. ‘ಈಗ ಬಿಡು’ ಎಂದರು. ನನಗೆ ಬೆರಳು ಬಿಚ್ಚಲಾಗಲಿಲ್ಲ. ಅವರೇ ಒಂದೊಂದಾಗಿ ಬಿಡಿಸಿದರು.

ಗಾಡಿ ಹೋದ ಮೇಲೆ ನಾನು ಬದುವಿನ ಪಕ್ಕ ಕೂತು ವಾಂತಿ ಮಾಡಿಕೊಂಡೆ.

ಮಂಗಳವಾರ ಪರೀಕ್ಷೆಗೆ ಹೋದೆ. ಪರೀಕ್ಷಕರು ಹೊರಗಿನವರು. ಬೊಂಬೆಯನ್ನು ತೋರಿಸಿ, ‘ಎತ್ತರದಿಂದ ಬಿದ್ದ ವ್ಯಕ್ತಿ. ಏನು ಮಾಡ್ತೀಯ ಮಾಡಿ ತೋರಿಸು’ ಎಂದರು. ನಾನು ಅದರ ತಲೆಯ ಕಡೆ ಕೂತೆ. ಕೈ ಮುಂದೆ ಹೋಗಲೇ ಇಲ್ಲ. ರಬ್ಬರಿನ ಕಿವಿಗಳನ್ನು ನೋಡುತ್ತ ಕೂತುಬಿಟ್ಟೆ. ‘ಓದಿಕೊಂಡು ಬಂದಿಲ್ಲವಾ?’ ಎಂದು ಕೇಳಿದರು. ಮೇಡಂ ಬಾಗಿಲ ಹತ್ತಿರ ನಿಂತಿದ್ದರು. ಅವರಿಗೆ ಎಲ್ಲ ಗೊತ್ತಿತ್ತು. ಆದರೆ ಪರೀಕ್ಷೆಯ ನಡುವೆ ಬಾಯಿ ಹಾಕುವಂತಿರಲಿಲ್ಲ. ನನಗೆ ಪಾಸಾಗುವಷ್ಟು ಅಂಕ ಮಾತ್ರ ಬಂತು. ಹೊರಗೆ ಬಂದಾಗ ಮೇಡಂ ನನ್ನ ಎರಡೂ ಅಂಗೈ ಹಿಡಿದು ಸ್ವಲ್ಪ ಹೊತ್ತು ಒತ್ತಿದರು. ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟರು.

ಮಾವನನ್ನು ಚಿತ್ರದುರ್ಗಕ್ಕೆ ಒಯ್ದು, ಅಲ್ಲಿಂದ ದಾವಣಗೆರೆಗೆ ಕಳಿಸಿದ್ದರು. ಮುರಿದದ್ದು ಸೊಂಟದ ಮೇಲಿನ ಬೆನ್ನುಮೂಳೆ. ಕುತ್ತಿಗೆಗೆ ಏನೂ ಆಗಿರಲಿಲ್ಲ. ಆಪರೇಷನ್ ಆಗಿ ಊರಿಗೆ ಬಂದರೂ ಕಾಲುಗಳಲ್ಲಿ ಚಲನೆಯಿರಲಿಲ್ಲ. ಊರಿನ ಬಾಯಿ ಸುಮ್ಮನಿರಲಿಲ್ಲ. ಬೈಕಿನಲ್ಲಿ ಬೇಗ ಒಯ್ದಿದ್ದರೆ ಕಾಲು ಉಳಿಯುತ್ತಿತ್ತು ಎಂದರು ಕೆಲವರು. ಮುರಿದದ್ದು ಬೆನ್ನು, ಈ ಹುಡುಗಿ ಕುತ್ತಿಗೆ ಹಿಡಿದು ಕೂತಿತ್ತು ಎಂದು ನಕ್ಕರು ಕೆಲವರು. ಅತ್ತೆ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ನಾನು ತಪ್ಪು ಮಾಡಿದೆನೇ ಎಂಬ ಅನುಮಾನ ನನ್ನೊಳಗೂ ಇತ್ತು. ಎಸ್ಸೆಸ್ಸೆಲ್ಸಿ ರಜೆಯೆಲ್ಲ ಅದರಲ್ಲೇ ಕಳೆಯಿತು. ಅಪ್ಪ ಮಾತ್ರ ಅರಳಿಕಟ್ಟೆಯಲ್ಲಿ ಯಾರೋ ಈ ಮಾತು ತೆಗೆದಾಗ ಜಗಳಕ್ಕೇ ನಿಂತರಂತೆ. ಮನೆಯಲ್ಲಿ ಅದನ್ನು ಹೇಳಲಿಲ್ಲ. ಅಮ್ಮನಿಗೆ ಬೇರೆಯವರಿಂದ ಗೊತ್ತಾಯಿತು.

ಮೇ ತಿಂಗಳ ಒಂದು ಬೆಳಿಗ್ಗೆ ಅತ್ತೆ ನಮ್ಮ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ.

‘ನಿನ್ನ ಮಾವನ ಬೆನ್ನು ಸ್ವಲ್ಪ ನೋಡ್ ಬಾರವ್ವ. ಕೆಂಪಗಾಗೈತೆ. ವಾಸನೆ ಬರ್ತೈತೆ.’

ಹೋಗಿ ನೋಡಿದೆ. ಹಗಲೂ ರಾತ್ರಿ ಅಂಗಾತ ಮಲಗಿ ಚರ್ಮ ಒಡೆಯುತ್ತಿತ್ತು. ಅವತ್ತೇ ಆಸ್ಪತ್ರೆಗೆ ತೋರಿಸಿ ಬಂದೆವು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಅವರು ಹೇಳಿದ್ದನ್ನು ನಾನು ಅತ್ತೆಗೆ ಮಾಡಿ ತೋರಿಸಿದೆ. ದಿನಾ ಸಂಜೆ ಹೋಗಿ ಗಾಯ ತೊಳೆದು ಬರುತ್ತಿದ್ದೆ. ಹೀಗೇ ಒಂದು ಸಂಜೆ ಅತ್ತೆ ಬಿಸಿನೀರು ಇಡುತ್ತ, ನನ್ನ ಕಡೆ ತಿರುಗದೆ ಹೇಳಿದರು: ‘ದಾವಣಗೆರೆ ಡಾಕ್ಟ್ರನ್ನ ಕೇಳಿದ್ದೆ ಕಣವ್ವ. ಬೈಕಲ್ಲಿ ತಂದಿದ್ರೆ ಏನಾಗ್ತಿತ್ತು ಅಂತ. ನರ ಅರ್ಧನಾದ್ರೂ ಉಳದೈತಮ್ಮ, ಕೂರಿಸ್ಕಂಡು ತಂದಿದ್ರೆ ಅದೂ ಉಳೀತಿರಲಿಲ್ಲ ಅಂದ್ರು. ನಿಂಗೆ ಹೇಳ್ಬೇಕು ಅಂತ ಇದ್ದೆ. ಬಾಯಿ ಬರ್ಲಿಲ್ಲ.’

ನಾನು ಗಾಯಕ್ಕೆ ಔಷಧಿ ಹಚ್ಚುವುದನ್ನು ಮುಂದುವರಿಸಿದೆ. ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ.

ಮಳೆಗಾಲದ ಹೊತ್ತಿಗೆ ಮಾವನ ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ವಾಕರ್ ಹಿಡಿದು ನಿಲ್ಲಲು ಇನ್ನೊಂದು ವರ್ಷ ಬೇಕಾಯಿತು. ಈಗ ಹೊಸದುರ್ಗದ ಒಂದು ಕಾಯಿ ಮಂಡಿಯಲ್ಲಿ ಕೂತು ದಪ್ಪ, ಸಣ್ಣ ಕಾಯಿಗಳನ್ನು ಬೇರೆ ಮಾಡುವ ಕೆಲಸ ಮಾಡುತ್ತಾರೆ. ಎಡಗಾಲು ಇನ್ನೂ ಎಳೆಯುತ್ತದೆ. ನಾನು ಚಿತ್ರದುರ್ಗದಲ್ಲಿ ನರ್ಸಿಂಗ್ ಮುಗಿಸುತ್ತಿದ್ದೇನೆ. ತುರ್ತು ವಿಭಾಗದ ಡ್ಯೂಟಿಯಿದ್ದಾಗ, ಬಿದ್ದವರನ್ನು ಆಟೋದಿಂದ ಕಂಕುಳಲ್ಲಿ ಎತ್ತಿ ಇಳಿಸುವ ಜನರನ್ನು ಕಂಡರೆ ಮೈ ಉರಿಯುತ್ತದೆ. ಆದರೆ ಅವರನ್ನು ಬೈಯಲು ಬಾಯಿ ಬರುವುದಿಲ್ಲ. ಅವರ ಮುಖದ ಮೇಲಿರುವ ಗಾಬರಿ ನನಗೆ ಗೊತ್ತಿರುವಂಥದ್ದೇ.

ಹೋದ ತಿಂಗಳು ರಜೆಗೆ ಊರಿಗೆ ಹೋಗುವಾಗ ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಮಾವನನ್ನು ಕಂಡೆ. ಅವರು ಆಗಷ್ಟೇ ಬಂದ ಬಸ್ಸಿನಿಂದ ಇಳಿಯುತ್ತಿದ್ದರು. ಕೋಲನ್ನು ಮೊದಲು ನೆಲಕ್ಕೂರಿ, ಆಮೇಲೆ ಬಲಗಾಲು, ಕೊನೆಗೆ ಎಡಗಾಲನ್ನು ಮೆಲ್ಲಗೆ ಎಳೆದುಕೊಂಡರು. ಹಿಂದಿದ್ದವರು ಅವಸರ ಮಾಡಿದರು. ಮಾವ ತಲೆ ಕೆಡಿಸಿಕೊಳ್ಳಲಿಲ್ಲ. ನಾನು ಹೋಗಿ ಕೈ ಕೊಡಬೇಕೆಂದು ಒಂದು ಹೆಜ್ಜೆ ಇಟ್ಟವಳು ಅಲ್ಲೇ ನಿಂತೆ. ಅವರು ಪೂರ್ತಿ ಇಳಿದು, ಪಂಚೆ ಸರಿಮಾಡಿಕೊಂಡು, ಕಾಯಿ ಮಂಡಿಯ ಕಡೆ ನಡೆಯತೊಡಗಿದ ಮೇಲೆ ಹಿಂದಿನಿಂದ ‘ಮಾವ’ ಎಂದು ಕೂಗಿದೆ.