ಮೊದಲು ಹೊರಟ ವಿಮಾನ

ಮೂರನೆಯ ಸಲ ವಿಮಾನ ನೆಲಕ್ಕಿಳಿದಾಗ ಕಿಟಕಿಯಾಚೆ ಹಿಮ, ಸಮುದ್ರ, ಒಂದು ಹಳದಿ ಮನೆ; ಅಷ್ಟೇ. ಕಿರಾಣಿ ಚೀಲ ಹಿಡಿದ ಅಜ್ಜನೊಬ್ಬ ಎದ್ದು, ಎಲ್ಲರಿಗೂ ಕೈಬೀಸಿ ಇಳಿದುಹೋದ. ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕೂತಂತೆಯೇ ಆಯಿತು.

ಇದು ನಾರ್ವೆಯ ಉತ್ತರದ ತುದಿ. ನಾನು ಟ್ರೊಮ್ಸೊದಲ್ಲಿ ಚಿಕ್ಕ ಊಟದ ಅಂಗಡಿ ನಡೆಸುತ್ತೇನೆ. ತಂಗಿ ಸುವರ್ಣಾ ಪೂರ್ವಕ್ಕಿರುವ ಶಿರ್ಕೆನೆಸ್‌ನಲ್ಲಿ. ಆಕಾಶದಲ್ಲಿ ನಾನೂರು ಕಿಲೋಮೀಟರಿಗೆ ತುಸು ಹೆಚ್ಚು, ಅಂದರೆ ಬೈಲಹೊಂಗಲದಿಂದ ಹೆಚ್ಚುಕಡಿಮೆ ಬೆಂಗಳೂರು. ನೇರ ವಿಮಾನಕ್ಕೆ ಒಂದು ತಾಸು. ರಸ್ತೆ ಹಿಡಿದರೆ ಇಡೀ ದಿನ.

ಆ ಬೆಳಿಗ್ಗೆ ಸುವರ್ಣಾಳ ಫೋನ್ ಬಂತು. "ಅಕ್ಕಾ, ಬ್ಯಾನಿ ಸುರು ಆಗ್ಯಾವ. ಇವರು ಹಡಗಿನ ಕೆಲಸಕ್ಕ ಹೋಗ್ಯಾರ. ಲಗೂನ ಬಾ."

ಚೊಚ್ಚಲ ಹೆರಿಗೆ ತವರಿನವರದು ಎಂಬುದು ನಮ್ಮ ಕಡೆಯ ಪದ್ಧತಿ. ಅವ್ವ ಬೈಲಹೊಂಗಲದಲ್ಲಿ. ಇಲ್ಲಿ ಅವಳಿಗೆ ತವರೆಂದರೆ ನಾನೊಬ್ಬಳೇ.

ನನಗೆ ಹನ್ನೊಂದರ ನೇರ ವಿಮಾನದ ಟಿಕೆಟ್ ಸಿಕ್ಕಿತ್ತು. ನಿಲ್ದಾಣದಲ್ಲಿ ನೋಡಿದರೆ ಹತ್ತಕ್ಕೇ ಇನ್ನೊಂದು ಹೊರಡುತ್ತಿದೆ! ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಬೆಳೆದವರಿಗೆ ಒಂದೇ ನಿಯಮ: ಮೊದಲು ಹೊರಡುವ ಗಾಡಿಯಲ್ಲಿ ಕೂತುಬಿಡಬೇಕು. ಕೌಂಟರಿನಾಕೆ "ಮೆಲ್ಲೊಮ್‌ಲ್ಯಾಂಡಿಂಗ್" ಎಂದು ಎರಡು ಸಲ ಹೇಳಿದಳು. ನಡುನಡುವೆ ಇಳಿಯುತ್ತದೆ ಎಂದರ್ಥ. ಕೇಳುವವರು ಯಾರು? ಸಂತೆಯಲ್ಲಿ ಮೆಣಸಿನಕಾಯಿ ಮಾರಿ ಪಳಗಿದ ನಾಲಿಗೆ ನನ್ನದು. ಟಿಕೆಟ್ ಬದಲಿಸಿಕೊಂಡೇ ಬಿಟ್ಟೆ.

ನಾಲ್ಕನೆಯ ನಿಲ್ದಾಣದಲ್ಲಿ ಗಾಳಿ ಜೋರಾಗಿ ವಿಮಾನ ಬಹಳ ಹೊತ್ತು ಏಳಲೇ ಇಲ್ಲ. ಸುವರ್ಣಾಳಿಗೆ ಫೋನ್ ಹಚ್ಚಿದೆ.

"ಒಂದ ತಾಸಿನ ಹಾದಿ ಅಂದಿದ್ದಿ!"

"ನಿಂತ್ ನಿಂತ್ ಹೊಂಟೈತಿ, ತಂಗಿ."

"ಅದೇನ್ ವಿಮಾನನೋ, ಟಂಟಂ ರಿಕ್ಷಾನೋ?" ನೋವಿನಲ್ಲೂ ಕೊಂಕು! ಆಮೇಲೆ ದನಿ ಇಳಿಯಿತು. "ಬಾಜೂಮನಿ ಬೆರಿಟ್ ಬಂದಾಳ. ಕೈ ಹಿಡಕೊಂಡ ಕುಂತಾಳ. ನೀ ಹೆದರಬ್ಯಾಡ."

ಇಲ್ಲಿಗೆ ಬರುವವರು ನನ್ನ ಮಾತು ಕೇಳಿ: ಹೊರಡುವ ಹೊತ್ತಲ್ಲ, ಮುಟ್ಟುವ ಹೊತ್ತು ನೋಡಿ. ನಾನು ಬಿಟ್ಟುಕೊಟ್ಟ ವಿಮಾನ ನನಗಿಂತ ಎರಡು ತಾಸು ಮೊದಲೇ ಮುಟ್ಟಿತ್ತು.

ಆಸ್ಪತ್ರೆಗೆ ಓಡಿದಾಗ ಹೆರಿಗೆಯಾಗಿ ಇಪ್ಪತ್ತು ನಿಮಿಷ. ತಾಯಿ, ಕೂಸು ಇಬ್ಬರೂ ಚೆನ್ನಾಗಿದ್ದರು. ಕೂಸು ಬೆರಿಟ್ ಅಜ್ಜಿಯ ತೋಳಿನಲ್ಲಿತ್ತು. ಆಕೆಯ ಮುಂಗೈ ತುಂಬ ಸುವರ್ಣಾಳ ಉಗುರಿನ ಗುರುತು. "ತೂಸೆನ್ ತಕ್" ಎಂದೆ. ಸಾವಿರ ಧನ್ಯವಾದ ಎನ್ನುವ ಇಲ್ಲಿನ ಮಾತು. ಸಾವಿರವೂ ಕಡಿಮೆಯಾಯಿತು ಅನಿಸಿತು.

ವಿಡಿಯೋದಲ್ಲಿ ಅವ್ವ ಕೇಳಿದಳು, "ತವರಿನವರು ಹೊತ್ತಿಗೆ ಬಂದ್ರೇನ?"

ನಾನು ತಲೆ ತಗ್ಗಿಸಿದೆ. ಸುವರ್ಣಾ ಫೋನನ್ನು ಬೆರಿಟ್ ಕಡೆ ತಿರುಗಿಸಿ, "ಬಂದಿದ್ರವ್ವಾ, ಇಲ್ಲೆ ಅದಾರ ನೋಡು" ಎಂದಳು.

ಅವ್ವ ಸೆರಗು ಸರಿಮಾಡಿಕೊಂಡಳು. "ನನ್ನ ಜಾಗಾದಾಗ ಕುಂತ್ರಿ, ಅಕ್ಕಾರ. ಪುಣ್ಯಾ ಬರಲಿ."

ಅವ್ವ ಬಾಣಂತಿಗೆಂದು ಕಳಿಸಿದ್ದ ರವಿಕೆಯ ಖಣ ನನ್ನ ಚೀಲದಲ್ಲಿ ಒಂದೇ ಇತ್ತು. ಅದನ್ನು ತೆಗೆದು ತಂಗಿಯ ಮುಖ ನೋಡಿದೆ. ಸುವರ್ಣಾ ಕಣ್ಣಿನಲ್ಲೇ ಹೂಂ ಎಂದಳು. ಬೆರಿಟ್ ಅಜ್ಜಿಯ ಉಡಿಗೆ ಹಾಕಿದೆ. ಅದೇನೆಂದು ತಿಳಿಯದೆ ಆಕೆ ಅದರಲ್ಲಿ ಕೂಸನ್ನು ಸುತ್ತಿದಳು. ಫೋನಿನಲ್ಲಿ ಅವ್ವ ಅಳುತ್ತಿದ್ದಳು, ಎದುರಿಗೆ ಬೆರಿಟ್ ನಗುತ್ತಿದ್ದಳು. ಯಾವ ಕಡೆ ಮುಖ ಮಾಡಿದರೂ ಒಂದು ತವರು ನನ್ನ ಬೆನ್ನ ಹಿಂದೆ ಉಳಿಯುತ್ತಿತ್ತು.