ಶಂಕ್ರೆಪ್ಪ ಕಾಕಾ ಹಿಡಿದ ನಿಶಾನಿ

ಶಂಕ್ರೆಪ್ಪ ಕಾಕಾ ಅವರ ರುಮಾಲು ಬಿಳಿ, ಧೋತರ ಬಿಳಿ, ಮೀಸೆಯೂ ಬಿಳಿ. ಕೈಯಲ್ಲಿದ್ದ ಕೋಲಿನ ತುದಿಯ ಬಟ್ಟೆ ಮಾತ್ರ ಕೆಂಪು. ಇಂಗಳೇಶ್ವರದ ಆಚೆಗಿನ ಅವರ ಕಲ್ಲುಗುಡ್ಡದಲ್ಲಿ ಸಿಡಿಮದ್ದು ಹಾರಿಸುವ ಮುಂಚೆ ಜನರನ್ನೂ ದನಗಳನ್ನೂ ದೂರ ಸರಿಸಿ, ಅವರು ಆ ನಿಶಾನಿ ಕೆಳಗಿಳಿಸಬೇಕು. ಅಲ್ಲಿಯವರೆಗೆ ಯಾರೂ ಬತ್ತಿಗೆ ಬೆಂಕಿ ಮುಟ್ಟಿಸುವಂತಿಲ್ಲ.

ಸುತ್ತಲಿನ ದಿಬ್ಬಗಳ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಕಂಬಗಳು ಏಳುತ್ತಿದ್ದ ಕಾಲ. ಬುನಾದಿಗೆ ಕಲ್ಲು ಬೇಕಿತ್ತು. ಕಾಕಾ ಹಾಕಿದ ಕರಾರು ಒಂದೇ: “ಗುಡ್ಡ ನಂದು, ನಿಶಾನಿ ನನ್ನ ಕೈಯಾಗ ಇರಬೇಕು.” ಆ ಕಂಬಗಳೆಂದರೆ ಅವರಿಗೆ ಬಲು ಹಿಗ್ಗು. “ಹೊಗಿ ಇಲ್ಲ, ಬೂದಿ ಇಲ್ಲ. ಬರೇ ಗಾಳಿ ತಿಂದು ದೀಪಾ ಹಚ್ತಾವ ನೋಡು!”

ಆ ಖಣಿಯಲ್ಲಿ ನಾನು ಮುಕಾದಮ, ಆಳುಗಳ ಮೇಲ್ವಿಚಾರಕ. ಗುಡ್ಡದ ಪಡುವಣ ಗೋಡೆಯ ಪೊಟರೆಯಲ್ಲಿ ದೊಡ್ಡ ಗೂಗೆಯೊಂದು ಮರಿ ಮಾಡಿತ್ತು. “ಆ ಕಡೆ ಮುಟ್ಟಬ್ಯಾಡ್ರಿ” ಎಂದು ಕಾಕಾ ಹೇಳಿದ್ದರು. ಆದರೆ ಮೂಡಣದಲ್ಲಿ ಗಟ್ಟಿ ಕಲ್ಲು ತೀರುತ್ತ ಬಂದಿತ್ತು. ಒಂದು ಮಧ್ಯಾಹ್ನ, ಕಲ್ಲು ತೆಗೆಸುತ್ತಿದ್ದ ಗುತ್ತಿಗೆದಾರ ಪಡುವಣ ಗೋಡೆಗೇ ಮದ್ದು ತುಂಬಿಸಿದ.

ನಾನು ಬತ್ತಿಯ ಹತ್ತಿರ ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದೆ. ಕಾಕಾ ಎಲ್ಲರನ್ನೂ ಸರಿಸಿದರು. ಆಮೇಲೆ ನಿಶಾನಿ ಎತ್ತಿ ಹಿಡಿದು, ಅವಸರವಿಲ್ಲದೆ ನಡೆದು ಹೋಗಿ, ಗೂಗೆಯ ಪೊಟರೆಯ ಕೆಳಗೆ ಕುಳಿತುಬಿಟ್ಟರು. ನಾನು ಕಡ್ಡಿಪೆಟ್ಟಿಗೆಯನ್ನು ಕಿಸೆಗೆ ಹಾಕಿಕೊಂಡೆ.

“ಗೂಗಿ ಸಲುವಾಗಿ ಸಾಯ್ತೀರೇನ್ರಿ ಯಜಮಾನ್ರ? ಅಪಶಕುನದ ಹಕ್ಕಿ ಅದು!” ಗುತ್ತಿಗೆದಾರ ಕೂಗಿದ.

“ನನ್ನ ಹೊಲದಾಗಿನ ಇಲಿ ನೀ ಬಂದು ಹಿಡೀತಿ ಏನಪಾ? ಕಲ್ಲು ಬೇಕಾದ್ರ ಗುಡ್ಡದ ಕೆಳಗ ನನ್ನ ಜೋಳದ ಪಟ್ಟಿಯಾಗ ತೋಡು, ಮಣ್ಣಿನ ಬುಡಕ ಗಟ್ಟಿ ಕಲ್ಲೈತಿ. ಕಂಬಾನೂ ನಿಲ್ಲಲಿ, ಇದೂ ಇರಲಿ.”

ಹೊತ್ತು ಇಳಿದರೂ ನಿಶಾನಿ ಇಳಿಯಲಿಲ್ಲ. ಕೊನೆಗೆ ಬತ್ತಿ ಕಿತ್ತು, ಮದ್ದಿಗೆ ನೀರು ಸುರಿದು ಕೆಡಿಸಿದರು. ಮರುವಾರ ಜೋಳದ ಪಟ್ಟಿಯಲ್ಲಿ ತೋಡಲು ಶುರುವಾಯಿತು. ಎರೆಮಣ್ಣು ಸರಿಸುವ ಮೊದಲ ಬುಟ್ಟಿಯನ್ನು ಕಾಕಾ ತಾವೇ ಹೊತ್ತರು. ನಮ್ಮ ಕಡೆಯ ಮನುಷ್ಯ ಎಂದು ಇಂದಿಗೂ ಎದೆಯುಬ್ಬಿಸಿ ಹೇಳುತ್ತೇನೆ.

ಕಡೆಯ ಸಲ ಅವರನ್ನು ಕಂಡದ್ದು ಬಾಗೇವಾಡಿಯ ದವಾಖಾನೆಯಲ್ಲಿ. ದನಿ ಉಡುಗಿತ್ತು.

“ದಿಬ್ಬದ ಮ್ಯಾಲಿನ ಪಂಕಾ ತಿರಗ್ತಾವೇನೋ ತಮ್ಮಾ?”

“ತಿರಗ್ತಾವ್ರಿ ಕಾಕಾ.”

“ಗೂಗಿ?”

“ಈ ಸಲಾನೂ ಮರಿ ಮಾಡೈತ್ರಿ.”

ಅವರ ಬಲಗೈ ಕೋಲು ಹಿಡಿದಂತೆ ಹಾಸಿಗೆಯಿಂದ ಮೇಲೆದ್ದಿತು. ಆಮೇಲೆ ಮೆಲ್ಲಗೆ ಕೆಳಗಿಳಿಯಿತು.